ಹೊಂಬಾಳಯ್ಯನ ಲುಪ್ತೋಪಮೆ

ಈ ಸಂಗತಿಯನ್ನು ನಾನು ಬಾಯಿಬಿಟ್ಟು ಹೇಳಲಾರೆ, ಅದಕ್ಕೇ ಬರೆಯುತ್ತಿದ್ದೇನೆ. ನಮ್ಮೂರಿನ ಕಟ್ಟಳೆ ನಾಲಿಗೆಗೆ ಮಾತ್ರ, ಕೈಗಿಲ್ಲ. ಕಾಗದದ ಮೇಲೆ ಏನು ಬೇಕಾದರೂ ಗೀಚಿ, ಆಮೇಲೆ ಊಟಕ್ಕೆ ಕೂತರೆ ಮಜ್ಜಿಗೆಯಲ್ಲಿ ಉಪ್ಪು ಇದ್ದೇ ಇರುತ್ತದೆ. ಬಾಯಲ್ಲಿ ಒಂದು ಉಪಮೆ ಆಡಿದಿರೋ, ಮುಗಿಯಿತು. 'ಇದು ಅದರ ಹಾಗಿದೆ' ಎಂದ ಮರುಗಳಿಗೆಯಿಂದ ಬಾಯಿ ಸಪ್ಪೆ. ಉಪ್ಪಿನಕಾಯಿ ನೆಕ್ಕಿದರೂ ಸಪ್ಪೆ. ಯಾವುದಕ್ಕೆ ಹೋಲಿಸಿದಿರೋ ಆ ಉಪಮಾನವನ್ನು ತರಬೇಕು. ಯಾವುದನ್ನು ಹೋಲಿಸಿದಿರೋ ಆ ಉಪಮೇಯದ ಪಕ್ಕದಲ್ಲಿ ಇಡಬೇಕು. ಎರಡಕ್ಕೂ ಸಮಾನವಾದ ಧರ್ಮ ಇಂಥದ್ದು ಎಂದು ಹೇಳಿ, ಗಡಿಯಾರದ ಕಂಬದ ಕೆಳಗಿನ ಒಪ್ಪಿಗೆಕಟ್ಟೆಯ ಮೇಲೆ ಕೂತ ಮೂವರಿಂದ 'ಒಪ್ಪಿದೆ' ಅನ್ನಿಸಿಕೊಳ್ಳಬೇಕು. ಆಗ ಉಪ್ಪು ನಾಲಿಗೆಗೆ ವಾಪಸು ಬರುತ್ತದೆ. ಯಾಕೆ ಹೀಗೆ ಎಂದು ಕೇಳಬೇಡಿ. ನಿಮ್ಮೂರಲ್ಲಿ ಮಳೆ ಮೇಲಿಂದ ಕೆಳಕ್ಕೇ ಯಾಕೆ ಬೀಳುತ್ತದೆ ಎಂದು ನಾನು ಕೇಳಿದ್ದೇನೆಯೇ?

ಹೀಗಾಗಿ ನಮ್ಮೂರ ಮಕ್ಕಳು ಅಂಗಿಯ ಗುಂಡಿ ಹಾಕಿಕೊಳ್ಳುವುದಕ್ಕೆ ಮುಂಚೆಯೇ ಅಲಂಕಾರ ಕಲಿಯುತ್ತಾರೆ. ರೂಪಕ ಆಡಿದರೆ ಉಪ್ಪಿನ ಜೊತೆ ಖಾರವೂ ಹೋಗುತ್ತದೆ, ಆದ್ದರಿಂದ ಕುಡುಕರು ಮತ್ತು ಹೊಸದಾಗಿ ಮದುವೆಯಾದವರನ್ನು ಬಿಟ್ಟರೆ ಯಾರೂ ಅದರ ತಂಟೆಗೆ ಹೋಗುವುದಿಲ್ಲ. 'ಅದೇ ಇದೇನೋ' ಎಂದು ಅನುಮಾನದಲ್ಲಿ ಹೇಳಿದರೆ ಉತ್ಪ್ರೇಕ್ಷೆ, ಅರ್ಧ ಸಪ್ಪೆ. ವಕೀಲರು ಇದನ್ನು ಬಹಳ ಬಳಸುತ್ತಾರೆ. ಪ್ರಾಸಕ್ಕೆ ಏನೂ ಇಲ್ಲ, ಅದಕ್ಕೇ ನಮ್ಮ ತರಕಾರಿಯವರು ಬೆಳಗಿನಿಂದ ಸಂಜೆಯವರೆಗೆ ಪ್ರಾಸ ಹಾಕಿಯೇ ಕೂಗುತ್ತಾರೆ. ಅನನ್ವಯಕ್ಕೂ ಏನೂ ಇಲ್ಲ. ಅದರಲ್ಲಿ ಒಂದನ್ನು ಅದಕ್ಕೇ ಹೋಲಿಸುತ್ತೀರಿ, ಹೊರಗಿನಿಂದ ತರಬೇಕಾದ್ದು ಏನೂ ಇರುವುದಿಲ್ಲ. ಹೆಣ್ಣು ನೋಡಲು ಹೋದವರು 'ಹುಡುಗಿ ಹುಡುಗಿಯ ಹಾಗೇ ಇದ್ದಾಳೆ' ಎಂದು ಹೇಳಿ, ಉಪ್ಪಿಟ್ಟು ತಿಂದು, ಕೈ ತೊಳೆದು ಬರುತ್ತಾರೆ. ಸವೆದ ಮಾತುಗಳಿಗೆ ರಿಯಾಯಿತಿ ಇದೆ: ಮೇಜಿಗೆ ಕಾಲು ಎಂದರೆ ಯಾರ ಬಾಯಿಯೂ ಸಪ್ಪೆಯಾಗುವುದಿಲ್ಲ.

ಬಸ್ ಸ್ಟ್ಯಾಂಡಿನ ಎದುರು ಉಪಮಾನದ ಅಂಗಡಿ ಇದೆ. ಗಿಳಿ, ನವಿಲು, ತೊಟ್ಟಿಯಲ್ಲಿ ತಾವರೆ, ಮುತ್ತಿನ ಸರ, ಎಲ್ಲ ಬಾಡಿಗೆಗೆ. ಒಂದು ಜಿಂಕೆಯೂ ಇದೆ. ಮದುವೆಯ ಕಾಲದಲ್ಲಿ ಅದಕ್ಕೆ ಪುರಸೊತ್ತೇ ಇಲ್ಲ. ಪಾಪ, ವಯಸ್ಸಾಗಿ ಎಡಗಣ್ಣಿಗೆ ಪೊರೆ ಬಂದಿದೆ, ಈಗಿನ ಗಂಡುಗಳು ಹೆಂಡತಿಯನ್ನು ಅದರ ಬಲಗಡೆಗೆ ನಿಲ್ಲಿಸಿ ಒಪ್ಪಿಗೆ ಪಡೆಯುತ್ತಾರೆ. ನಾವು ನೋಡಿಯೂ ನೋಡದೆ ಒಪ್ಪುತ್ತೇವೆ. ಮದುವೆ ಮನೆಯಲ್ಲಿ ತಕರಾರು ಯಾಕೆ.

ನಾವು ಎಂದರೆ ಕಟ್ಟೆಯ ಮೇಲಿನ ಮೂವರು. ನಾನು ಗಿರಣಿ ನಂಜಯ್ಯ. ಹಿಟ್ಟಿನ ಗಿರಣಿಯ ಸದ್ದಿನ ನಡುವೆ ಮಾತಾಡಿ ಗಂಟಲು ದೊಡ್ಡದಾಗಿದೆ. ಇನ್ನೊಬ್ಬರು ನಿವೃತ್ತ ಮೇಷ್ಟ್ರು ವರದಯ್ಯನವರು, ಸೀನಿದರೂ ಅದಕ್ಕೊಂದು ಲಕ್ಷಣ ಹೇಳದೆ ಬಿಡುವವರಲ್ಲ. ಮೂರನೆಯವಳು ಲಕ್ಕಜ್ಜಿ. ಅವಳ ವಿಷಯ ಬೇರೆ. ರಕ್ತದೊತ್ತಡ ಎಂದು ಡಾಕ್ಟರು ಅವಳಿಗೆ ಉಪ್ಪು ಬಿಡಿಸಿ ಎಷ್ಟೋ ಕಾಲವಾಯಿತು. "ಹೆಂಗೂ ಸಪ್ಪೆ ತಿನ್ನೋಳು, ನಂಗೇನು ಹೋಗೋದು" ಎಂದು ಅಂದಿನಿಂದ ಕಂಡವರನ್ನೆಲ್ಲ ಕಂಡದ್ದಕ್ಕೆಲ್ಲ ಹೋಲಿಸುತ್ತಾಳೆ, ಒಂದನ್ನೂ ಒಪ್ಪಿಸುವುದಿಲ್ಲ. ನನ್ನನ್ನು ಏನಕ್ಕೆ ಹೋಲಿಸಿದಳು ಎಂದು ಇಲ್ಲಿ ಬರೆಯುವುದಿಲ್ಲ. ಕಾಗದಕ್ಕೂ ಒಂದು ಮರ್ಯಾದೆ ಇದೆ.

ಈಗ ಹೊಂಬಾಳಯ್ಯನ ವಿಷಯಕ್ಕೆ ಬರುತ್ತೇನೆ. ಎಣ್ಣೆಗಾಣದ ಬೀದಿಯಲ್ಲಿ ಅವನದೊಂದು ಊಟದ ಮನೆ. ಅವನ ತಾಯಿ ಚಿಕ್ಕತಾಯಮ್ಮ ಬೀದಿಯವರಿಗೆ ಮಧ್ಯಾಹ್ನದ ಊಟ ಹಾಕುತ್ತಿದ್ದಳು, ಇವನಿಗೆ ಮೀಸೆ ಚಿಗುರುವ ಹೊತ್ತಿಗೆ ತೀರಿಕೊಂಡಳು, ಇವನು ಅದೇ ಸೌಟು ಹಿಡಿದ. ಮದುವೆಯಾಗಲಿಲ್ಲ. ಯಾವ ಹುಡುಗಿಯನ್ನೂ ಹೊಗಳುವ ಧೈರ್ಯ ಅವನಿಗೆ ಬರಲಿಲ್ಲ ಎಂದು ನಾವು ತಮಾಷೆ ಮಾಡುತ್ತಿದ್ದೆವು. ಅದರಲ್ಲಿ ನಿಜವೂ ಇತ್ತು: ಹುಟ್ಟಿದಾಗಿನಿಂದ ಹೊಂಬಾಳಯ್ಯ ಒಂದು ಉಪಮೆಯನ್ನೂ ಆಡಿದವನಲ್ಲ. ಅಡುಗೆಯವನ ಸರ್ವಸ್ವವೂ ನಾಲಿಗೆ. ಅದನ್ನು ಒಂದು ಮಾತಿಗಾಗಿ ಯಾರು ಕಳೆದುಕೊಳ್ಳುತ್ತಾರೆ? ಅವನ ಸಾರಿಗೆ ಉಪ್ಪು ಎಂದೂ ಒಂದು ಹರಳು ಹೆಚ್ಚಿಲ್ಲ, ಒಂದು ಹರಳು ಕಡಿಮೆಯಿಲ್ಲ. ಎಲೆ ಎತ್ತುವಾಗ ನಾವು "ಚೆನ್ನಾಗಿತ್ತು" ಅನ್ನುತ್ತಿದ್ದೆವು, ಅವನು "ಆಯ್ತು" ಅನ್ನುತ್ತಿದ್ದ. ಅಷ್ಟರಲ್ಲೇ ಅವನು ಸುಖವಾಗಿದ್ದ.

ದೊಡ್ಡ ಕೊಳಗ ಇಳಿಸುವಾಗ ಅವನ ಮಣಿಕಟ್ಟು ಉಳುಕಿದ್ದೇ ಇದಕ್ಕೆಲ್ಲ ನೆಪ. ಅದಕ್ಕೆ ಒಂದೆರಡು ತಿಂಗಳ ಮುಂಚೆ ದಾಕ್ಷಾಯಿಣಿ ಎಂಬ ನಡುವಯಸ್ಸಿನ ಹೆಂಗಸು ತಂಗಿಯ ಮನೆಗೆಂದು ಬೇರೆ ಊರಿನಿಂದ ಬಂದಿದ್ದಳು. ಯಾವುದೋ ಹಾಸ್ಟೆಲಿನಲ್ಲಿ ಅಡುಗೆ ಮಾಡುತ್ತಿದ್ದವಳು, ಹಾಸ್ಟೆಲು ಮುಚ್ಚಿತಂತೆ. ಬಸ್ಸಿನಿಂದ ಇಳಿದವಳೇ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ "ಈ ಊರಿನ ನೆಲ ಕಾದ ಬಾಣಲೆ ಹಾಗಿದೆ" ಅಂದಳು. ಇಳಿಯುತ್ತಿದ್ದ ಜನ ಅಲ್ಲಲ್ಲೇ ನಿಂತುಬಿಟ್ಟರು. ತಂಗಿ ಹಣೆ ಚಚ್ಚಿಕೊಂಡಳು.

ಮಧ್ಯಾಹ್ನ ಬಾಣಲೆ ಕಾಯಿಸಿ ಇಕ್ಕಳದಲ್ಲಿ ಹಿಡಿದು ಕಟ್ಟೆಗೆ ತಂದರು. ಸಮಾನಧರ್ಮವನ್ನು ಪರೀಕ್ಷಿಸಲೇಬೇಕು ಎಂದು ಮೇಷ್ಟ್ರು ಒಂದು ಕೈ ನೆಲಕ್ಕೆ, ಒಂದು ಕೈ ಬಾಣಲೆಗೆ ಇಟ್ಟರು. ಆಮೇಲೆ ಒಂದು ವಾರ ಅವರು ಎಡಗೈಯಲ್ಲಿ ನಶ್ಯ ಏರಿಸಿದರು. ದಾಕ್ಷಾಯಿಣಿ ಮಾತ್ರ ಕಲಿಯಲಿಲ್ಲ. ಕೈಬೀಸಿ ಮಾತಾಡುವ ಹೆಂಗಸು, ಮಾತಿಗೊಂದು ಹೋಲಿಕೆ ಹಾಕಿಯೇ ಅಭ್ಯಾಸ. ಒಂದನ್ನು ಒಪ್ಪಿಸಿ ಮನೆ ಮುಟ್ಟುವುದರೊಳಗೆ ಇನ್ನೊಂದು ಬಾಯಿಂದ ಬಿದ್ದಿರುತ್ತಿತ್ತು. "ಉಪಮೇಯ, ಉಪಮಾನ, ವಾಚಕ ಪದ, ಸಮಾನಧರ್ಮ, ಎಲ್ಲ ಶಾಲೇಲಿ ಓದಿದ್ದೆ ಕಣ್ರೀ" ಎಂದು ನನ್ನ ಗಿರಣಿಯ ಮುಂದೆ ಕೂತು ಗೋಳಾಡಿದಳು. "ಮಾರ್ಕ್ಸಿಗೆ ಅಂತ ಓದಿದ್ದು. ಊಟಕ್ಕೆ ಬೇಕಾಗುತ್ತೆ ಅಂತ ಯಾರೂ ಹೇಳಲಿಲ್ಲ." ಆ ಸಪ್ಪೆ ತಿಂಗಳಲ್ಲಿ ಅವಳು ಅರ್ಧ ಆದಳು. ಕೊನೆಗೆ ಪಾಠ ನಾಲಿಗೆಗೇ ಇಳಿಯಿತು. ಆದರೆ ಉಪ್ಪಿನ ಮೇಲೆ ಒಂದು ಆಸೆ ಅವಳಿಗೆ ಉಳಿದೇಹೋಯಿತು. ಮಜ್ಜಿಗೆಗೆ ಬೇರೆಯವರು ಚಿಟಿಕೆ ಹಾಕಿದರೆ ಅವಳು ಹಿಡಿಯಲ್ಲಿ ಹಾಕುತ್ತಿದ್ದಳು.

ಹೊಂಬಾಳಯ್ಯ ಅವಳನ್ನು ಕೆಲಸಕ್ಕೆ ಇಟ್ಟುಕೊಂಡ. ಕುದಿಸುವುದು, ಇಳಿಸುವುದು ಅವಳದು. ಉಪ್ಪು, ಹುಳಿ ನೋಡುವುದು ಅವನದು. ಒಂದು ಬೆಳಿಗ್ಗೆ ನಾನು ರಾಗಿಹಿಟ್ಟು ಕೊಡಲು ಹೋಗಿದ್ದೆ. ಅವನ ಕೈಗೆ ಎಣ್ಣೆ ಹಚ್ಚಿ ಬಟ್ಟೆ ಸುತ್ತಿದ್ದರಿಂದ ಸೌಟು ಹಿಡಿಯಲು ಆಗುತ್ತಿರಲಿಲ್ಲ. ದಾಕ್ಷಾಯಿಣಿ ಸೌಟಿನಿಂದ ಅವನ ಎಡ ಅಂಗೈಗೆ ಎರಡು ತೊಟ್ಟು ಸಾರು ಬಿಟ್ಟು, "ನೋಡಿ, ಉಪ್ಪು ಸಾಕಾ?" ಅಂದಳು. ಅವನು ನೆಕ್ಕಿದ. "ಸಾಲದು" ಅಂದ. ಅವಳು ಹಾಕಿದಳು, ಮತ್ತೆ ಅಂಗೈಗೆ ಬಿಟ್ಟಳು. "ಇನ್ನೂ ಸ್ವಲ್ಪ" ಅಂದ. ನನಗೆ ಆಶ್ಚರ್ಯವಾಯಿತು, ಯಾಕೆಂದರೆ ಹೊಂಬಾಳಯ್ಯ ಉಪ್ಪಿಗೆ ಎರಡು ಸಲ ಕೈಹಾಕಿದ್ದನ್ನು ನಾನು ಕಂಡವನಲ್ಲ. ಮತ್ತೊಮ್ಮೆ ಹಾಕಿ ಬಿಟ್ಟಳು. ಅವನು ನೆಕ್ಕಿ, ಕಣ್ಣು ಮುಚ್ಚಿ, ತನ್ನಷ್ಟಕ್ಕೆ ತಾನು ಅಂದ: "ಅಮ್ಮನ ಸಾರಿನ ಹಾಗಿದೆ."

ಬೇರೆ ಊರುಗಳಲ್ಲಿ ಈ ಮಾತನ್ನು ಹೋಟೆಲಿನ ಬೋರ್ಡಿಗೇ ಬರೆಸುತ್ತಾರಂತೆ. ನಮ್ಮಲ್ಲಿ ತಾಯಿ ಹೋದವರು ಯಾರೂ ಆಡದ ಮಾತು ಇದು, ಯಾಕೆಂದರೆ ಉಪಮಾನವನ್ನು ಎಲ್ಲಿಂದ ತರುತ್ತೀರಿ? ಹೊಂಬಾಳಯ್ಯ ಕಣ್ಣುಬಿಟ್ಟ. ಏನಾಯಿತೆಂದು ಅವನಿಗೂ ಗೊತ್ತಾಗಿತ್ತು. ಅಂಗೈಯನ್ನು ಇನ್ನೊಮ್ಮೆ ನೆಕ್ಕಿದ. ಹುಣಿಸೆ ಇತ್ತು, ಮೆಣಸು ಇತ್ತು, ಉಪ್ಪು ಇರಲಿಲ್ಲ. ಆವತ್ತು ಆ ಸಾರನ್ನೇ ನಮಗೆಲ್ಲ ಬಡಿಸಿದರು. ಉಪ್ಪು ಸ್ವಲ್ಪ ಮುಂದಾಗಿತ್ತು. ಅವನ ಮುಖ ನೋಡಿ ನಾನು ಹೇಳಲಿಲ್ಲ.

ಸಂಜೆಗೆ ಊರಿಗೆಲ್ಲ ಗೊತ್ತಾಯಿತು. ಮೇಷ್ಟ್ರು ಕಟ್ಟೆಯ ಮೇಲೆ ನೆಟ್ಟಗೆ ಕೂತರು. "ಉಪಮೇಯ, ದಾಕ್ಷಾಯಿಣಿ ಮಾಡಿದ ಸಾರು. ಉಪಮಾನ, ನಿಮ್ಮ ತಾಯಿಯ ಸಾರು. ವಾಚಕ ಪದ, ಹಾಗೆ. ಸರಿ. ಸಮಾನಧರ್ಮ ಎಲ್ಲಿ? ಏನು ಹಾಗಿತ್ತು? ರುಚಿಯೋ, ಬಣ್ಣವೋ, ವಾಸನೆಯೋ? ನೀನು ಹೇಳಲೇ ಇಲ್ಲ. ನಾಲ್ಕರಲ್ಲಿ ಒಂದು ಲೋಪವಾಗಿದೆ. ಇದು ಪೂರ್ಣೋಪಮೆ ಅಲ್ಲ ಹೊಂಬಾಳಯ್ಯ, ಲುಪ್ತೋಪಮೆ. ನಿನಗೀಗ ಎರಡು ಕೆಲಸ. ಇಲ್ಲದ ಸಾರನ್ನೂ ತರಬೇಕು, ಹೇಳದ ಗುಣವನ್ನೂ ಹುಡುಕಬೇಕು."

"ಏನು ಹಾಗಿತ್ತು ಅಂತ ನಂಗೇ ಗೊತ್ತಿಲ್ಲ ಮೇಷ್ಟ್ರೇ" ಅಂದ ಹೊಂಬಾಳಯ್ಯ. "ಬಾಯಿಗೆ ಬಂತು, ಅಂದ್ಬಿಟ್ಟೆ."

ದಾಕ್ಷಾಯಿಣಿ ತಾನೇ ಉಪ್ಪು ನೋಡುತ್ತೇನೆ ಎಂದಳು. ಅವನು ಕೇಳಲಿಲ್ಲ. "ಇನ್ನೊಬ್ಬರ ನಾಲಿಗೆ ನಂಬಿಕೊಂಡು ಮಾಡೋದು ಅಡುಗೆ ಅಲ್ಲ. ನಂಗೆ ಗೊತ್ತಾಗದ್ದನ್ನ ನಾನು ಬಡಿಸಲ್ಲ." ಅಳತೆಯ ಮೇಲೆ ಉಪ್ಪು ಹಾಕಿ ಕೆಲವು ದಿನ ನಡೆಸಿದ. ಬೇಳೆ ದಿನಕ್ಕೊಂದು ಥರ, ನೀರು ದಿನಕ್ಕೊಂದು ಥರ, ಅಳತೆ ಮಾತ್ರ ಒಂದೇ ಆದರೆ ಹೇಗೆ? ಒಂದು ದಿನ ಕಡಿಮೆ, ಒಂದು ದಿನ ಹೆಚ್ಚು. ನಾವು "ಚೆನ್ನಾಗಿತ್ತು" ಎಂದರೆ ಅವನು "ಆಯ್ತು" ಎನ್ನದೆ ಮುಖ ಮುಖ ನೋಡುತ್ತಿದ್ದ. ಕೊನೆಗೆ ಸೌಟನ್ನು ಗೂಟಕ್ಕೆ ತೂಗುಹಾಕಿ ನಮ್ಮ ಮುಂದೆಯೇ ಅಂದ: "ಯುಗಾದಿ ಒಳಗೆ ಒಪ್ಪಿಸೋಕೆ ಆಗ್ಲಿಲ್ಲ ಅಂದ್ರೆ ಬಾಗಿಲು ಹಾಕ್ತೀನಿ. ಅಮ್ಮನ ಒಲೆ ಮೇಲೆ ಕೆಟ್ಟ ಅಡುಗೆ ಮಾಡಲ್ಲ." ಬಾಗಿಲು ಹಾಕಿದರೆ ಅವನು ಏನು ಮಾಡುತ್ತಾನೆ ಎಂದು ನಮಗೆ ಯಾರಿಗೂ ತೋಚಲಿಲ್ಲ. ಆ ಒಲೆ ಬಿಟ್ಟರೆ ಅವನಿಗೆ ಬೇರೆ ಯಾರೂ ಇರಲಿಲ್ಲ.

ಮೇಷ್ಟ್ರು ದಾರಿ ಹುಡುಕಿದರು, ಸುಳ್ಳು ಹೇಳಬಾರದು. ಅದು ಹೋಲಿಕೆಯೇ ಅಲ್ಲ, ಒಂದನ್ನು ಕಂಡು ಇನ್ನೊಂದು ನೆನಪಾದದ್ದು, ಅದಕ್ಕೆ ಸ್ಮರಣಾಲಂಕಾರ ಎಂದು ಬೇರೆ ಹೆಸರಿದೆ ಎಂದರು. ಹೊಂಬಾಳಯ್ಯ "ಸ್ಮರಣೆ, ಸ್ಮರಣೆ" ಎಂದು ಹೇಳಿಕೊಂಡು ಉಪ್ಪಿನ ಹರಳು ಬಾಯಿಗೆ ಹಾಕಿಕೊಂಡ. ಸಪ್ಪೆ. ಅನನ್ವಯ ಎಂದು ವಾದಿಸಿ ನೋಡಿದರು. ಅದೂ ಸಪ್ಪೆ. ನಾಲಿಗೆ ಮೇಷ್ಟ್ರ ಮಾತು ಕೇಳುವ ಜಾತಿಯದ್ದಲ್ಲ.

ಉಳಿದದ್ದು ಒಂದೇ, ಚಿಕ್ಕತಾಯಮ್ಮನ ಸಾರನ್ನು ಮಾಡುವುದು. ಅವಳು ಏನೇನು ಹಾಕುತ್ತಿದ್ದಳು ಎಂದು ಅವನಿಗೆ ಗೊತ್ತಿತ್ತು: ಬೇಳೆ ಕಟ್ಟು, ಹಳೆ ಹುಣಿಸೆ, ಹುರಿದು ಕುಟ್ಟಿದ ಮೆಣಸು ಜೀರಿಗೆ, ಕೊನೆಗೆ ಹಿಂಡಿದ ಕೊತ್ತಂಬರಿ. ಅವನನ್ನು ಬಿಟ್ಟರೆ ಅದನ್ನು ತಿಂದ ಮೂವರು ಇನ್ನೂ ಬದುಕಿದ್ದೆವು, ಮತ್ತು ನೋಡಿ, ಆ ಮೂವರೇ ಕಟ್ಟೆಯವರು. ಅವನು ಅಳತೆಯ ಉಪ್ಪು ಹಾಕಿ, ಎಡಗೈಯಲ್ಲೇ ಹೇಗೋ ಮಾಡಿಕೊಂಡು ಬಂದ. ನಾನು ಕುಡಿದೆ, ಮೇಷ್ಟ್ರು ಕುಡಿದರು. ಲಕ್ಕಜ್ಜಿ ಲೋಟವನ್ನು ಮುಟ್ಟಲೂ ಇಲ್ಲ, ನಮ್ಮಿಬ್ಬರ ಮುಖ ನೋಡುತ್ತ ಕೂತಿದ್ದಳು. "ಇದಲ್ಲ" ಅಂದಳು. ಅವಳು ಹೇಳಿದ್ದು ಸರಿಯಾಗಿತ್ತು. "ಬಹಳ ಚೆನ್ನಾಗಿದೆ ಕಣಯ್ಯ, ಆದ್ರೆ ಇದಲ್ಲ" ಎಂದೆ ನಾನೂ. ಮೆಣಸು ಬದಲಾಯಿಸಿ ತಂದ, ಹುಣಿಸೆ ಬದಲಾಯಿಸಿ ತಂದ, ಮಡಕೆಯಲ್ಲಿ ಮಾಡಿ ತಂದ. ಪ್ರತಿ ಸಲವೂ ಅದೇ ಮಾತು: ಬಹಳ ಚೆನ್ನಾಗಿದೆ, ಇದಲ್ಲ.

"ಏನು ಕಮ್ಮಿ ಅಂತ ಹೇಳ್ರಯ್ಯ" ಎಂದು ಒಂದು ದಿನ ಅವನು ಲೋಟಗಳನ್ನು ಕಟ್ಟೆಯ ಮೇಲೆ ಕುಕ್ಕಿದ. ಮೇಷ್ಟ್ರು ಗಡಿಯಾರ ನೋಡಿದರು. ನಾನು ನನ್ನ ಚಪ್ಪಲಿ ನೋಡಿದೆ. ಏನು ಕಮ್ಮಿ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಚಿಕ್ಕವನಿದ್ದಾಗ ಚಿಕ್ಕತಾಯಮ್ಮನ ಎಲೆಯ ಮುಂದೆ ಕೂತು ಆ ಸಾರಿನ ಬಗ್ಗೆ ಒಂದು ಮಾತು ಆಡಲು ಬಾಯಿ ತೆರೆದಿದ್ದೆ. ನಮ್ಮಮ್ಮ ತೊಡೆ ಚಿವುಟಿದ ಚಿವುಟಿಗೆ ಆ ಮಾತು ಇಂದಿನವರೆಗೂ ಹೊರಗೆ ಬಂದಿಲ್ಲ. ಯಾಕೆ ಚಿವುಟಿದಳು ಎಂದು ಮಾತ್ರ ನನಗೆ ಗೊತ್ತಿರಲಿಲ್ಲ.

ಲಕ್ಕಜ್ಜಿ ಎಲೆಅಡಿಕೆ ಉಗಿದು ಬಂದು ಕೂತಳು. "ಕೂತ್ಕೋ ಮಗ" ಅಂದಳು. ದಾಕ್ಷಾಯಿಣಿಯೂ ಪಾತ್ರೆ ಹಿಡಿದು ನಿಂತಿದ್ದವಳು ಕೂತಳು. "ಇವರು ಯಾರೂ ಹೇಳಲ್ಲ. ಗೊತ್ತಿದ್ದೋರು ಹೇಳಂಗಿಲ್ಲ. ಒಪ್ಪಿಸದೆ ಬಿಟ್ಟ ಉಪಮೇನ ಇನ್ನೊಬ್ಬರು ಬಾಯಲ್ಲಿ ಅಂದ್ರೂ ಅಂದೋರ ಬಾಯಿ ಸಪ್ಪೆ ಆಗುತ್ತಲ್ಲ, ಅದಕ್ಕೇ ಆ ಮಾತು ಈ ಬೀದೀಲೇ ಸತ್ತುಹೋಯ್ತು. ನಂಗೇನು, ಡಾಕ್ಟ್ರೇ ಸಪ್ಪೆ ಮಾಡಿದಾನೆ. ಕೇಳು. ನೀನು ಹುಟ್ಟಿದ್ದು ನಿಮ್ಮಮ್ಮಂಗೆ ವಯಸ್ಸು ಮೀರಿದ ಮೇಲೆ. ಆಸೆ ಬಿಟ್ಟಿದ್ದಳು. ನಾನೇ ಬಾಣಂತನಕ್ಕೆ ಇದ್ದೋಳು. ನಿನ್ನ ಬಟ್ಟೇಲಿ ಸುತ್ತಿ ಅವಳ ಕೈಗೆ ಕೊಟ್ಟೆ. ನೋಡಿದಳು, ನೋಡಿದಳು. 'ಚಂದ್ರನ ಹಾಗಿದಾನೆ ನನ್ನ ಮಗ' ಅಂದ್ಬಿಟ್ಟಳು."

ಬೇರೆ ಊರಲ್ಲಿ ಎಲ್ಲ ತಾಯಂದಿರಿಗೂ ಪುಕ್ಕಟೆ ಸಿಗುವ ಮಾತು. ಯಾರೂ ಅದಕ್ಕೆ ಬೆಲೆಯನ್ನೇ ಕೊಡುವುದಿಲ್ಲ. ಹೊಂಬಾಳಯ್ಯ ಲಕ್ಕಜ್ಜಿಯನ್ನೇ ನೋಡುತ್ತಿದ್ದ.

"ನಾನು ಬಾಯಿ ಮುಚ್ಚೋಕೆ ಕೈ ಚಾಚಿದೆ, ಅಷ್ಟರಲ್ಲಿ ಆಗಿಹೋಗಿತ್ತು. ಬಾಣಂತಿ ಸಾರು ಕುಡಿಯೋಕೆ ಕೊಟ್ಟೆ, ಸಪ್ಪೆ ಅಂದು ನಕ್ಕಳು. ನಗ್ತಾ ಇದ್ದಳು ಕಣೋ. ಆಗ ಕಟ್ಟೇಲಿ ಇದ್ದ ಹಿರೀಕರು ಒಂದು ಉಪಾಯ ಹೇಳಿದ್ರು. ಹುಣ್ಣಿಮೆ ದಿನ ತಟ್ಟೆಗೆ ನೀರು ಹಾಕಿ, ಅದರಲ್ಲಿ ಚಂದ್ರನ್ನ ಹಿಡಿದು, ಮಗೂನ ಪಕ್ಕ ಮಲಗಿಸು, ನಾವು ಒಪ್ತೀವಿ ಅಂದ್ರು. ತಟ್ಟೆ ನೀರನ್ನೂ ನಾನೇ ತಂದಿಟ್ಟೆ. ಅವಳು ಆಗಲ್ಲ ಅಂದಳು. 'ಒಪ್ಪಿಸಿದ್ರೆ ಆ ಮಾತು ಮುಗಿದುಹೋಗುತ್ತೆ ಲಕ್ಕಮ್ಮ. ಇರಲಿ ಬಿಡು' ಅಂದಳು. ಆ ತಟ್ಟೆ ನೀರಲ್ಲಿ ನಿನ್ನ ಕಾಲು ತೊಳೆದಳು. ಸಾಯೋ ತನಕ ನಿಮ್ಮಮ್ಮ ಉಪ್ಪಿನ ರುಚಿ ಕಂಡೋಳಲ್ಲ."

"ಮತ್ತೆ ಸಾರಿಗೆ ಉಪ್ಪು?" ಎಂದು ದಾಕ್ಷಾಯಿಣಿ ಕೇಳಿದಳು.

"ಇವನೇ. ಮಾತು ಬರೋಕೆ ಶುರುವಾದಾಗಿಂದ ಇವನೇ ನೋಡ್ತಿದ್ದ. ಅಂಗೈಗೆ ಎರಡು ತೊಟ್ಟು ಬಿಡೋಳು, ಸಾಕಾ ಮಗ ಅನ್ನೋಳು. ಇವನು ಸೊಂಟದ ಮೇಲೆ ಕೈ ಇಟ್ಕೊಂಡು 'ಸಾಲ್ದು' ಅನ್ನೋನು. ಇವನಿಗೋ ಉಪ್ಪು ಅಂದ್ರೆ ಪ್ರಾಣ. ಹಾಕೋಳು. ಇನ್ನೂ ಅನ್ನೋನು, ಇನ್ನೂ ಹಾಕೋಳು. ಆ ಸಾರು ತಿಂದ್ರೆ ಬಾಯಿ ಉರಿದುಹೋಗೋದು. ಅದೇ ಕಮ್ಮಿ ಇರೋದು ನಿನ್ನ ಸಾರಲ್ಲಿ. ನೀನು ಚೆನ್ನಾಗಿ ಮಾಡ್ತಾ ಇದೀಯ. ನಿಮ್ಮಮ್ಮನ ಸಾರು ಚೆನ್ನಾಗಿರಲಿಲ್ಲ ಕಣಪ್ಪ."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ನಾನು ತಲೆ ಎತ್ತಲಿಲ್ಲ. ಗಾಣದ ಆಳುಗಳು, ಗಾಡಿಯವರು, ನಮ್ಮಪ್ಪ, ನಮ್ಮಮ್ಮ, ಇಡೀ ಬೀದಿ ಅಷ್ಟು ಕಾಲ ಆ ಸಾರನ್ನು ಉಂಡು, ಎಲೆ ಎತ್ತಿ, "ಚೆನ್ನಾಗಿತ್ತು ಚಿಕ್ಕತಾಯಮ್ಮ" ಎಂದು ಹೇಳಿ ಎದ್ದು ಹೋಗಿತ್ತು. ಯಾರೂ ಏನೂ ಬಾಯಿಬಿಡಲಿಲ್ಲ. ಹೇಳದೆ ತಿಳಿಸುವುದಕ್ಕೆ ಕಾವ್ಯದಲ್ಲಿ ಧ್ವನಿ ಎನ್ನುತ್ತಾರೆ ಎಂದು ಮೇಷ್ಟ್ರು ಪಾಠ ಮಾಡಿದ್ದು ನನಗೆ ಆಗ ನೆನಪಾಯಿತು. ಹೇಳದೆ ಉಣ್ಣುವುದಕ್ಕೂ ಅದೇ ಹೆಸರು ಇರಬೇಕು.

ಹೊಂಬಾಳಯ್ಯ ಅತ್ತ. ಎಲ್ಲರ ಎದುರಿಗೆ, ಬಟ್ಟೆ ಸುತ್ತಿದ ಕೈಯಿಂದ ಮುಖ ಒರೆಸಿಕೊಳ್ಳುತ್ತ, ನಾಚಿಕೆಯಿಲ್ಲದೆ ಅತ್ತ. "ಅದೊಂದು ಆಟ ಅಂದ್ಕೊಂಡಿದ್ದೆ ನಾನು" ಅಂದ. ಮೇಷ್ಟ್ರು ಕನ್ನಡಕವನ್ನು ಮತ್ತೆ ಏರಿಸಿಕೊಂಡರು. "ಉಪಮೇಯ ನೀನು, ಬದುಕಿದ್ದೀಯ. ಉಪಮಾನವೂ ತಿಂಗಳಿಗೊಮ್ಮೆ ತುಂಬಿ ಬರುತ್ತಾನೆ. ತಾಯಿಯ ಮಾತನ್ನು ಮಗ ಒಪ್ಪಿಸಬಹುದು, ಅದಕ್ಕೆ ಆಧಾರವಿದೆ. ತಟ್ಟೆ ತರಿಸಲೇ?"

"ಬೇಡಿ ಮೇಷ್ಟ್ರೇ" ಅಂದ ಹೊಂಬಾಳಯ್ಯ. "ಅವಳು ಮುಗಿಸದೆ ಬಿಟ್ಟಿದ್ದನ್ನ ನಾನ್ಯಾಕೆ ಮುಗಿಸಲಿ. ನನ್ನದನ್ನ ಒಪ್ಪಿಸ್ತೀನಿ, ಸಾಕು."

ಮರುದಿನ ಬೆಳಿಗ್ಗೆ ನಾನು ಗಿರಣಿ ಬಿಟ್ಟು ಅವನ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಕುತೂಹಲ, ಇನ್ನೇನು. ಅವನು ಗೂಟದಿಂದ ಸೌಟು ತೆಗೆದ. ಬೇಳೆ ಕಟ್ಟು ಬಸಿದ, ಹುಣಿಸೆ ಕಿವುಚಿದ, ಮೆಣಸು ಕುಟ್ಟಿದ. ಉಪ್ಪಿನ ಮರಿಗೆಯ ಹತ್ತಿರ ಬಂದು ನಿಂತುಬಿಟ್ಟ. ಇನ್ನೊಬ್ಬರ ನಾಲಿಗೆ ನಂಬಿ ಅಡುಗೆ ಮಾಡುವುದಿಲ್ಲ ಎಂದವನು ಅವನು. ನಿಂತು ನಿಂತು, ಕೊನೆಗೆ ಸೌಟಿನಿಂದ ಎರಡು ತೊಟ್ಟು ತೆಗೆದು, "ಕೈ ಕೊಡಮ್ಮ" ಅಂದ. ದಾಕ್ಷಾಯಿಣಿ ಅಂಗೈ ಚಾಚಿದಳು.

"ಉಪ್ಪು ಸಾಕಾ?"

ಅವಳು ನೆಕ್ಕಿದಳು. ಸಪ್ಪೆ ತಿಂಗಳನ್ನು ಅವಳ ನಾಲಿಗೆ ಇನ್ನೂ ಮರೆತಿರಲಿಲ್ಲ. "ಸಾಲದು" ಅಂದಳು. ಅವನು ಹಾಕಿದ. "ಇನ್ನೂ" ಅಂದಳು. ಅವನು ಅವಳ ಮುಖ ನೋಡಿದ, ಕೇಳಬೇಕು ಅನ್ನಿಸಿರಬೇಕು, ಕೇಳಲಿಲ್ಲ, ಹಾಕಿದ. "ಇನ್ನೊಂಚೂರು." ಹಾಕಿದ. "ಈಗ ಸಾಕು" ಎಂದು ಅವಳು ತುಟಿ ಚಪ್ಪರಿಸಿದಳು. ಬಾಗಿಲಲ್ಲಿ ನಿಂತ ನನಗೇ ಬಾಯಾರಿತು. ಆಮೇಲೆ ಅವಳು ತನ್ನ ಸಾರನ್ನು ಆವತ್ತಿನಷ್ಟೇ ಉಪ್ಪು ಹಾಕಿ ಬೇರೆ ಪಾತ್ರೆಯಲ್ಲಿ ಮಾಡಿದಳು.

ಕಟ್ಟೆಯ ಸುತ್ತ ಬೀದಿಗೆ ಬೀದಿಯೇ ಸೇರಿತ್ತು. ಎರಡು ಪಾತ್ರೆ ಅಕ್ಕಪಕ್ಕ ಇಟ್ಟರು. ಮೊದಲು ಉಪಮೇಯ, ದಾಕ್ಷಾಯಿಣಿಯದು, ಕುಡಿದೆವು. ಆಮೇಲೆ ಉಪಮಾನ. ಒಂದು ಗುಟುಕು ಒಳಗೆ ಹೋಗುತ್ತಿದ್ದ ಹಾಗೆ ನನ್ನ ಕಣ್ಣಲ್ಲಿ ನೀರು ಬಂತು. ಮೇಷ್ಟ್ರ ಮೂಗು ಸೊಟ್ಟಗಾಯಿತು, ಕಿವಿ ಕೆಂಪಾಯಿತು. ಲಕ್ಕಜ್ಜಿ ನಮ್ಮ ಮುಖವನ್ನೇ ನೋಡುತ್ತಿದ್ದವಳು ಬೊಚ್ಚುಬಾಯಿ ಬಿಟ್ಟು ನಕ್ಕಳು. "ಇದೇ. ನಂಗೆ ನಾಲಿಗೆ ಇಲ್ಲದಿದ್ರೇನು, ನಿಮ್ಮ ಮೂತಿ ಹೇಳುತ್ತೆ. ಆವತ್ತು ಬೀದಿಯೋರೆಲ್ಲ ಈ ಮೂತಿ ಹೊತ್ಕೊಂಡೇ ಕೈ ತೊಳೀತಿದ್ದಿದ್ದು."

"ಅದು ಸರಿ" ಎಂದರು ಮೇಷ್ಟ್ರು ಕೆಮ್ಮುತ್ತ. "ಆದರೆ ಇದರಷ್ಟು ಉಪ್ಪು ಅದಕ್ಕಿಲ್ಲ. ಲೋಪವಾದ ಸಮಾನಧರ್ಮ ಯಾವುದು? ಅದನ್ನು ಹೇಳದೆ ಉಪಮೆ ಪೂರ್ಣವಾಗುವುದಿಲ್ಲ."

ಹೊಂಬಾಳಯ್ಯ ಎರಡೂ ಪಾತ್ರೆಯ ನಡುವೆ ನಿಂತಿದ್ದ. ಮಾತು ಹುಡುಕುವ ಅಭ್ಯಾಸ ಅವನಿಗಿಲ್ಲ. ಬಟ್ಟೆ ಸುತ್ತಿದ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು, ನಿಧಾನವಾಗಿ ಹೇಳಿದ. "ರುಚಿ ಅಲ್ಲ ಮೇಷ್ಟ್ರೇ. ಅಮ್ಮ ನನ್ನ ಕೇಳಿ ಹಾಕೋಳು. ನಾನು ಅಂದಷ್ಟು ಹಾಕೋಳು, ಜಾಸ್ತಿ ಆಯ್ತೇನೋ ಅಂತ ಯೋಚನೆ ಮಾಡ್ತಿರಲಿಲ್ಲ. ಆವತ್ತು ಈಯಮ್ಮನೂ ನನ್ನ ಕೇಳಿ ಹಾಕಿದರು. ಅಮ್ಮ ಹೋದ ಮೇಲೆ ಎಲ್ಲರ ಬಾಯಿಗೂ ನಾನೇ ಉಪ್ಪು ನೋಡ್ತಿದ್ದೆ. ನಿಂಗೆ ಸಾಕಾ ಅಂತ ನನ್ನ ಯಾರೂ ಕೇಳಿರಲಿಲ್ಲ. ಅಷ್ಟೇ. ಕೇಳಿ ಹಾಕಿದ್ದು. ಎರಡಕ್ಕೂ ಅದೇ."

ಮೇಷ್ಟ್ರು ಬಾಯಿ ತೆರೆದರು. ಧರ್ಮ ಎನ್ನುವುದು ವಸ್ತುವಿನಲ್ಲಿ ಇರಬೇಕೇ ಹೊರತು ಮಾಡಿದ ರೀತಿಯಲ್ಲಿ ಅಲ್ಲ ಎಂದು ಶುರುಮಾಡುವವರಿದ್ದರು, ನನಗೆ ಗೊತ್ತು. ಲಕ್ಕಜ್ಜಿ ಅವರ ಕಡೆ ತಿರುಗಿ, "ವರದಯ್ಯ, ನೀನೀಗ ಲಕ್ಷಣ ಹೇಳಿದ್ರೆ ನಿನ್ನ ಏನಕ್ಕೆ ಹೋಲಿಸ್ತೀನಿ ಗೊತ್ತಾ?" ಅಂದಳು. ಅವರು ಬಾಯಿ ಮುಚ್ಚಿದರು. ಗಿರಣಿಯ ಗಂಟಲಿನಲ್ಲಿ ನಾನೇ ಮೊದಲು "ಒಪ್ಪಿದೆ" ಎಂದೆ. ಲಕ್ಕಜ್ಜಿ "ಒಪ್ಪಿದೆ" ಅಂದಳು. ಮೇಷ್ಟ್ರು ಒಂದು ಕ್ಷಣ ಎರಡು ಪಾತ್ರೆಗಳನ್ನೂ ನೋಡಿದರು. "ಪೂರ್ಣೋಪಮೆ" ಎಂದರು, ಮೆಲ್ಲಗೆ. "ಒಪ್ಪಿದೆ."

ಹೊಂಬಾಳಯ್ಯ ತನ್ನ ಪಾತ್ರೆಯಿಂದ ಒಂದು ಲೋಟಕ್ಕೆ ಸಾರು ಬಗ್ಗಿಸಿಕೊಂಡ. ತುಟಿಗೆ ಹಚ್ಚಿದ. ಅವನ ಹುಬ್ಬು ಮೇಲಕ್ಕೆ ಹೋಯಿತು, ಮುಖ ಕಿವುಚಿಕೊಂಡಿತು. ಅವನಿಗೆ ಉಪ್ಪು ಬಂದಿತ್ತು. ಜನ ನಗಲು ಶುರುಮಾಡಿದರು, ದಾಕ್ಷಾಯಿಣಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಅವನು ಲೋಟ ಹಿಡಿದುಕೊಂಡೇ ಲಕ್ಕಜ್ಜಿಯನ್ನು ಕೇಳಿದ:

"ಇಷ್ಟು ಉಪ್ಪು. ಅಷ್ಟು ವರ್ಷ ಇದನ್ನ ಹೆಂಗೆ ಉಂಡ್ರಿ ನೀವೆಲ್ಲ?"

"ಹೆಂಗೆ ಅಂದ್ರೆ" ಅಂದಳು ಲಕ್ಕಜ್ಜಿ, "ಮನೆಗೆ ಹೋಗಿ ನೀರು ಕುಡೀತಿದ್ವಿ."

ದಾಕ್ಷಾಯಿಣಿ ಅವನ ಮುಂದೆ ನೀರಿನ ಚೊಂಬು ಹಿಡಿದಳು. ಅವನು ಬೇಡ ಎಂದು ತಲೆಯಾಡಿಸಿ, ಲೋಟದಲ್ಲಿದ್ದ ಸಾರನ್ನು ಪೂರ್ತಿ ಕುಡಿದು, ಇನ್ನೊಂದು ಲೋಟ ಬಗ್ಗಿಸಿಕೊಂಡ.